ಕಸಿಗೆ ನೆತ್ತರು ಎಲ್ಲಿಂದ?

ಮಾವಿನ ಗಿಡಕ್ಕೆ ಕಸಿ ಕಟ್ಟುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕುಡಿ ಎಷ್ಟೇ ಒಳ್ಳೆಯ ಜಾತಿಯದಾಗಿರಲಿ, ಅದನ್ನು ಕೂಡಿಸುವ ಗಿಡದಲ್ಲಿ ರಸದ ಹರಿವು ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಅದು ಬಾಡಿಹೋಗುತ್ತದೆ. ಮನುಷ್ಯನ ದೇಹದ ಒಂದು ಭಾಗವನ್ನು ಇನ್ನೊಂದು ಭಾಗಕ್ಕೆ ಕಸಿ ಮಾಡುವ ಶಸ್ತ್ರವೈದ್ಯರಿಗೂ ಈ ಮಾತು ಅನ್ವಯಿಸುತ್ತದೆ. ಸ್ತನ ಕ್ಯಾನ್ಸರ್‌ನಿಂದಾಗಿ ಸ್ತನವನ್ನು ಕಳೆದುಕೊಂಡ ಮಹಿಳೆಗೆ ಅವಳದೇ ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಹೊಸ ಸ್ತನ ರೂಪಿಸುವ ಶಸ್ತ್ರಕ್ರಿಯೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಹೊಟ್ಟೆಯಿಂದ ಕತ್ತರಿಸಿ ತೆಗೆದ ತುಂಡನ್ನು ಎದೆಗೆ ತಂದಿಟ್ಟ ಮಾತ್ರಕ್ಕೆ ಅದು ಬದುಕುವುದಿಲ್ಲ. ಅದರ ಪುಟ್ಟ ಅಪಧಮನಿ ಮತ್ತು ಅಭಿಧಮನಿಗಳನ್ನು ಎದೆಯ ಭಾಗದ ಯಾವುದಾದರೂ ಅಪಧಮನಿ, ಅಭಿಧಮನಿಗಳಿಗೆ ಜೋಡಿಸಿ ಹೊಲಿಯಬೇಕು.

ಹಾಗಾದರೆ ಯಾವುದಕ್ಕೆ ಜೋಡಿಸಬೇಕು? ಮೇಲುನೋಟಕ್ಕೆ ಇದು ಶಸ್ತ್ರಕ್ರಿಯೆಯ ಕೊಠಡಿಯೊಳಗೇ ಮುಗಿದುಹೋಗುವ ತಾಂತ್ರಿಕ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಶತಮಾನಕ್ಕೂ ಹೆಚ್ಚಿನ ವೈದ್ಯಕೀಯ ಇತಿಹಾಸ ತೆರೆದುಕೊಳ್ಳುತ್ತದೆ. ವೈದ್ಯರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಕಂಕುಳಿನಲ್ಲಿ ಹಾದು ಬೆನ್ನಿನ ಅಗಲವಾದ ಸ್ನಾಯುವಿಗೆ ರಕ್ತ ಕೊಡುವ ಥೊರಾಕೊಡಾರ್ಸಲ್ ನಾಳ. ಇನ್ನೊಂದು, ಎದೆಮೂಳೆಯ ಪಕ್ಕದಲ್ಲಿ, ಪಕ್ಕೆಲುಬುಗಳ ಹಿಂದೆ ಅಡಗಿ ಕೆಳಗಿಳಿಯುವ ಇಂಟರ್ನಲ್ ಮ್ಯಾಮರಿ ನಾಳ. ಮೊದಮೊದಲು ಹೆಚ್ಚಿನವರು ಕಂಕುಳಿನ ನಾಳವನ್ನೇ ನೆಚ್ಚಿಕೊಂಡಿದ್ದರು. 1990ರ ದಶಕದಿಂದೀಚೆಗೆ ಒಲವು ಎದೆಮೂಳೆಯ ಕಡೆಗೆ ವಾಲಿತು. ಆ ಹೊತ್ತಿಗಾಗಲೇ ಈ ಎರಡನೆಯ ನಾಳದ ಮೇಲೆ ಹೃದ್ರೋಗ ತಜ್ಞರೂ ಹಕ್ಕು ಸ್ಥಾಪಿಸಿಯಾಗಿತ್ತು.

ತೊಟ್ಟು ಕತ್ತರಿಸದ ಕಾಲ

ದೇಹದ ಒಂದು ಭಾಗದ ಚರ್ಮದಿಂದ ಮತ್ತೊಂದು ಭಾಗವನ್ನು ಸರಿಪಡಿಸುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಕೆನ್ನೆಯ ಚರ್ಮದಿಂದ ಮೂಗು ರೂಪಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಆಧುನಿಕ ಯುರೋಪಿನ ಗಮನ ಈ ವಿದ್ಯೆಯತ್ತ ಹರಿಯಲು ಕಾರಣವಾದ ಘಟನೆಗೆ ಮೈಸೂರಿನ ನಂಟಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಮುಂದೆ ಪುಣೆಯಲ್ಲಿ ಕುಂಬಾರ ಜಾತಿಯ ಒಬ್ಬ ದೇಶೀ ಶಸ್ತ್ರವೈದ್ಯ ಅವನ ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದರ ವಿವರವನ್ನು ಚಿತ್ರಸಹಿತ ಪ್ರಕಟಿಸಿತು.

ಈ ಕ್ರಮದ ಗುಟ್ಟು ಸರಳ. ಹಣೆಯ ಚರ್ಮವನ್ನು ಪೂರ್ತಿಯಾಗಿ ಕತ್ತರಿಸದೆ, ಎರಡು ಹುಬ್ಬುಗಳ ನಡುವೆ ಒಂದು 'ತೊಟ್ಟು' ಉಳಿಸಿಕೊಂಡು ತಿರುಗಿಸಲಾಗುತ್ತಿತ್ತು. ರಕ್ತ ಆ ತೊಟ್ಟಿನ ಮೂಲಕ ಹರಿಯುತ್ತಿತ್ತು. ರಕ್ತನಾಳಗಳ ಬಗ್ಗೆ ಇಂದಿನಷ್ಟು ತಿಳಿವಳಿಕೆ ಇಲ್ಲದ ಕಾಲದಲ್ಲೂ, ತೊಟ್ಟು ಕಡಿದರೆ ಚರ್ಮ ಸಾಯುತ್ತದೆ ಎಂಬುದು ಅನುಭವದಿಂದ ಗೊತ್ತಾಗಿತ್ತು. ಮುಂದಿನ ಸುಮಾರು ನೂರೈವತ್ತು ವರ್ಷ ಪ್ಲಾಸ್ಟಿಕ್ ಸರ್ಜರಿ ಈ ತೊಟ್ಟಿನ ಉದ್ದದ ಮಿತಿಯೊಳಗೇ ಬೆಳೆಯಿತು. ತೊಟ್ಟು ಎಷ್ಟು ದೂರ ಎಟುಕುತ್ತದೋ ಅಲ್ಲಿಯವರೆಗೆ ಮಾತ್ರ ಚರ್ಮವನ್ನು ಒಯ್ಯಬಹುದಿತ್ತು.

ಹಾಲ್‌ಸ್ಟೆಡ್‌ನ ನೆರಳು

ಸ್ತನದ ಮರುರಚನೆಗೆ ಅಡ್ಡಿಯಾದದ್ದು ಈ ಮಿತಿಯೊಂದೇ ಅಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ವಿವರಗಳೊಂದಿಗೆ ಒಂದು ಪ್ರಬಂಧ ಪ್ರಕಟಿಸಿದ. ಸ್ತನದೊಂದಿಗೆ ಅದರ ಕೆಳಗಿನ ಎದೆಯ ಸ್ನಾಯುವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಂದೇ ತುಂಡಾಗಿ ತೆಗೆದುಹಾಕುವುದು ಅವನ ವಿಧಾನ. ಅರಿವಳಿಕೆ ಬಂದು ಇನ್ನೂ ಅರ್ಧ ಶತಮಾನವಾಗಿರದ ಕಾಲದಲ್ಲಿ, ಕ್ಯಾನ್ಸರ್ ಮತ್ತೆ ಅದೇ ಜಾಗದಲ್ಲಿ ಮರುಕಳಿಸುವುದನ್ನು ಈ ವಿಧಾನ ಬಹುಮಟ್ಟಿಗೆ ತಡೆಯಿತು. ಹೀಗಾಗಿ ಮುಂದಿನ ಸುಮಾರು ಮುಕ್ಕಾಲು ಶತಮಾನ ಇದೇ ಶಾಸ್ತ್ರವಾಯಿತು. ಶಸ್ತ್ರಕ್ರಿಯೆ ಮುಗಿದ ಮೇಲೆ ಮಹಿಳೆಯ ಎದೆಯಲ್ಲಿ ಪಕ್ಕೆಲುಬುಗಳ ಮೇಲೆ ತೆಳ್ಳನೆಯ ಚರ್ಮ ಮಾತ್ರ ಉಳಿಯುತ್ತಿತ್ತು. ಹಲವರಿಗೆ ಜೀವನವಿಡೀ ತೋಳು ಊದಿಕೊಂಡಿರುತ್ತಿತ್ತು.

ಗಾಯವನ್ನು ಬೇರೆಡೆಯ ದಪ್ಪ ಚರ್ಮದಿಂದ ಮುಚ್ಚಿದರೆ ಅದರ ಅಡಿಯಲ್ಲಿ ಕ್ಯಾನ್ಸರ್ ಕಣ್ಣಿಗೆ ಬೀಳದೆ ಬೆಳೆಯಬಹುದು ಎಂಬ ಭಯ ಆ ಕಾಲದಲ್ಲಿತ್ತು. ಇಟಲಿಯ ಇಜಿನಿಯೊ ತಾನ್ಸಿನಿ 1906ರಲ್ಲೇ ಬೆನ್ನಿನ ಅಗಲ ಸ್ನಾಯುವನ್ನು ಚರ್ಮದ ಸಮೇತ, ಕಂಕುಳಿನ ತೊಟ್ಟಿನ ಮೇಲೆ ತಿರುಗಿಸಿ ಎದೆಗೆ ತರುವ ವಿಧಾನವನ್ನು ಪ್ರಕಟಿಸಿದ್ದ. ಆ ತೊಟ್ಟಿನೊಳಗೆ ಇದ್ದದ್ದು ಥೊರಾಕೊಡಾರ್ಸಲ್ ನಾಳವೇ. ಆದರೆ ಹಾಲ್‌ಸ್ಟೆಡ್‌ನ ಪ್ರಭಾವದ ಮುಂದೆ ತಾನ್ಸಿನಿಯ ವಿಧಾನ ಮೂಲೆಗುಂಪಾಯಿತು. 1970ರ ದಶಕದಲ್ಲಿ ಅದನ್ನು ಮತ್ತೆ ಕಂಡುಕೊಳ್ಳಬೇಕಾಯಿತು.

ನಡುವೆ ಕ್ಯಾನ್ಸರ್ ಶಸ್ತ್ರಕ್ರಿಯೆಯೇ ಬದಲಾಗುತ್ತ ಬಂತು. 1948ರಲ್ಲಿ ಲಂಡನ್ನಿನ ಡೇವಿಡ್ ಪೇಟಿ ಎದೆಯ ದೊಡ್ಡ ಸ್ನಾಯುವನ್ನು ಉಳಿಸಿಕೊಂಡೇ ಸ್ತನ ತೆಗೆಯುವ ವಿಧಾನವನ್ನು ವರದಿ ಮಾಡಿದ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ದೊಡ್ಡ ಪ್ರಯೋಗವೊಂದು, ಹಾಲ್‌ಸ್ಟೆಡ್ ಮಾದರಿಯ ವಿಪರೀತ ಛೇದನದಿಂದ ರೋಗಿಯ ಆಯುಷ್ಯವೇನೂ ಹೆಚ್ಚುವುದಿಲ್ಲ ಎಂದು ತೋರಿಸಿಕೊಟ್ಟಿತು. ಎದೆಯ ಸ್ನಾಯು ಉಳಿದದ್ದರಿಂದ ಅದರ ಮೇಲೆ ಮತ್ತೇನನ್ನಾದರೂ ಕಟ್ಟಲು ನೆಲೆ ಸಿಕ್ಕಿತು. 1962ರಲ್ಲಿ ಹ್ಯೂಸ್ಟನ್ ನಗರದಲ್ಲಿ ಸಿಲಿಕೋನ್ ಚೀಲವೂ ಬಂತು. ಅನೇಕರಿಗೆ ಅದು ಸಾಕಾಗಿತ್ತು. ವಿಕಿರಣ ಚಿಕಿತ್ಸೆಯಿಂದ ಚರ್ಮ ಬಿಗಿದುಕೊಂಡವರಲ್ಲಿ ಮಾತ್ರ ಅದು ತೊಂದರೆ ಕೊಡುತ್ತಿತ್ತು. ಅಂಥವರಿಗೆ ಬೇಕಾದದ್ದು ರಕ್ತ ಹರಿಯುವ, ಜೀವಂತ ಮಾಂಸ.

ಕಸೂತಿಯ ಸೂಜಿ, ಸೂಕ್ಷ್ಮದರ್ಶಕದ ಕಣ್ಣು

ತೊಟ್ಟನ್ನು ಕಡಿದು, ನಾಳಕ್ಕೆ ನಾಳ ಜೋಡಿಸುವ ವಿದ್ಯೆಯ ಮೂಲ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅಲ್ಲಿ ಕೊಲೆಗಡುಕನ ಇರಿತಕ್ಕೆ ಬಲಿಯಾದ. ಕತ್ತರಿಸಿಹೋದ ದೊಡ್ಡ ರಕ್ತನಾಳವನ್ನು ಹೊಲಿದು ಸರಿಪಡಿಸುವ ದಾರಿ ಅಂದಿನ ವೈದ್ಯರಿಗೆ ಗೊತ್ತಿರಲಿಲ್ಲ. ಅದೇ ಊರಿನ ಅಲೆಕ್ಸಿ ಕ್ಯಾರೆಲ್ ಎಂಬ ತರುಣ ವೈದ್ಯನ ಮನಸ್ಸಿನಲ್ಲಿ ಈ ಸಾವು ನಾಟಿತು. ಅವನು ಕಸೂತಿ ಕೆಲಸ ಮಾಡುವ ಹೆಂಗಸೊಬ್ಬಳಿಂದ ನವಿರಾದ ಹೊಲಿಗೆ ಕಲಿತನೆಂದು ಪ್ರತೀತಿ. 1902ರಲ್ಲಿ ಅವನು ಪ್ರಕಟಿಸಿದ ವಿಧಾನ ಜಾಣತನದ್ದು. ನಾಳದ ದುಂಡನೆಯ ಬಾಯಿಗೆ ಸಮಾನ ಅಂತರದಲ್ಲಿ ಮೂರು ಹೊಲಿಗೆ ಹಾಕಿ ಎಳೆದು ಹಿಡಿದರೆ ಅದು ತ್ರಿಕೋನವಾಗುತ್ತದೆ. ಆಗ ಮೂರು ನೇರ ಅಂಚುಗಳನ್ನು ಹೊಲಿದರಾಯಿತು, ಎದುರು ಗೋಡೆಗೆ ಸೂಜಿ ಚುಚ್ಚುವ ಭಯವಿಲ್ಲ. ಕ್ಯಾರೆಲ್‌ನಿಗೆ 1912ರಲ್ಲಿ ನೊಬೆಲ್ ಬಹುಮಾನ ಬಂತು.

ಆದರೆ ಕ್ಯಾರೆಲ್ ಹೊಲಿದದ್ದು ಬರಿಗಣ್ಣಿಗೆ ಕಾಣುವ ನಾಳಗಳನ್ನು. ಎರಡು ಮಿಲಿಮೀಟರಿನಷ್ಟು ಸಣ್ಣ ನಾಳಗಳಲ್ಲಿ ಹೊಲಿಗೆ ಸ್ವಲ್ಪ ತಪ್ಪಿದರೂ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತಿತ್ತು. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್‌ಸನ್ ಮತ್ತು ಅರ್ನೆಸ್ಟೊ ಸುವಾರೆಜ್, ಕಿವಿಯ ಶಸ್ತ್ರಕ್ರಿಯೆಗೆ ಬಳಕೆಯಲ್ಲಿದ್ದ ಸೂಕ್ಷ್ಮದರ್ಶಕವನ್ನು ರಕ್ತನಾಳಗಳ ಮೇಲೆ ತಂದು ನಿಲ್ಲಿಸಿದರು. ಕೈ ನಡುಗುವುದಕ್ಕಿಂತ ಕಣ್ಣಿಗೆ ಕಾಣದಿರುವುದೇ ನಿಜವಾದ ತೊಡಕು ಎಂಬುದು ಆಗ ಸ್ಪಷ್ಟವಾಯಿತು. 1965ರಲ್ಲಿ ಜಪಾನಿನ ವೈದ್ಯರಾದ ಕೊಮಾತ್ಸು ಮತ್ತು ತಮಾಯಿ ತುಂಡಾದ ಹೆಬ್ಬೆರಳನ್ನು ಮತ್ತೆ ಜೋಡಿಸಿದರು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರಾಲಿನ್ ಡೇನಿಯಲ್ ಮತ್ತು ಇಯಾನ್ ಟೇಲರ್ ತೊಡೆಸಂದಿನ ಚರ್ಮದ ತುಂಡೊಂದನ್ನು ಪೂರ್ತಿ ಬಿಡಿಸಿ, ಕಾಲಿನ ಹರಡಿನ ಬಳಿ ನಾಳಗಳಿಗೆ ಹೊಲಿದು ಬದುಕಿಸಿದ್ದನ್ನು ವರದಿ ಮಾಡಿದರು. ಕೂದಲೆಳೆಗಿಂತ ತೆಳ್ಳಗಿನ ನೈಲಾನ್ ದಾರ ಈ ಕೆಲಸಕ್ಕೆ ಒದಗಿತು. ತೊಟ್ಟಿನ ಉದ್ದದ ಮಿತಿ ಅಲ್ಲಿಗೆ ಮುಗಿಯಿತು.

ಒಂದೇ ಕಾಲುವೆಯ ಎರಡು ತುದಿ

1970ರ ದಶಕದ ಮಧ್ಯದಲ್ಲಿ ಜಪಾನಿನ ಫುಜಿನೊ ಮತ್ತು ಸಂಗಡಿಗರು ಪೃಷ್ಠದ ಮಾಂಸವನ್ನು ಸೂಕ್ಷ್ಮ ಶಸ್ತ್ರಕ್ರಿಯೆಯಿಂದ ಎದೆಗೆ ತಂದರು. 1979ರಲ್ಲಿ ಸ್ವೀಡನ್ನಿನ ಹಾನ್ಸ್ ಹೋಮ್‌ಸ್ಟ್ರೋಮ್ ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬುಗಳನ್ನು ಹೀಗೆಯೇ ಬಳಸಿದರು. ಆದರೂ ಜನಪ್ರಿಯವಾದದ್ದು 1982ರಲ್ಲಿ ಅಮೆರಿಕದ ಅಟ್ಲಾಂಟಾದ ಕಾರ್ಲ್ ಹಾರ್ಟ್‌ರಾಂಪ್ಫ್ ಪ್ರಕಟಿಸಿದ, ಸೂಕ್ಷ್ಮದರ್ಶಕ ಬೇಡದ ವಿಧಾನ. ಹೊಟ್ಟೆಯ ನೇರ ಸ್ನಾಯುವನ್ನೇ ತೊಟ್ಟಾಗಿ ಉಳಿಸಿಕೊಂಡು, ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬನ್ನು ಚರ್ಮದಡಿಯ ಸುರಂಗದಲ್ಲಿ ಎದೆಗೇರಿಸುವುದು ಅದರ ಕ್ರಮ. ಜೊತೆಗೆ ಹೊಟ್ಟೆಯ ಬೊಜ್ಜೂ ಇಳಿಯುತ್ತಿತ್ತು.

ಇಲ್ಲಿ ದೇಹರಚನೆಯ ಒಂದು ಸ್ವಾರಸ್ಯ ಗಮನಿಸಬೇಕು. ಎದೆಮೂಳೆಯ ಪಕ್ಕ ಇಳಿಯುವ ಇಂಟರ್ನಲ್ ಮ್ಯಾಮರಿ ಅಪಧಮನಿ ಆರನೆಯ ಪಕ್ಕೆಲುಬಿನ ಹತ್ತಿರ ಕವಲೊಡೆಯುತ್ತದೆ. ಅದರ ಒಂದು ಕವಲು ಹೊಟ್ಟೆಯ ಸ್ನಾಯುವಿನೊಳಕ್ಕೆ ಇಳಿಯುತ್ತದೆ. ತೊಡೆಸಂದಿಯ ಕಡೆಯಿಂದ ಮೇಲೇರುವ ಇನ್ನೊಂದು ಅಪಧಮನಿ ಸ್ನಾಯುವಿನೊಳಗೇ ಸಣ್ಣ ಸಣ್ಣ ಕವಲುಗಳ ಮೂಲಕ ಇದನ್ನು ಕೂಡುತ್ತದೆ. ಹೊಟ್ಟೆಯ ಕೆಳಭಾಗದ ಚರ್ಮಕ್ಕೆ ಮುಖ್ಯ ಪೂರೈಕೆ ಈ ಕೆಳಗಿನ ನಾಳದ್ದು. ಹಾರ್ಟ್‌ರಾಂಪ್ಫ್ ವಿಧಾನದಲ್ಲಿ ರಕ್ತ ಮೇಲಿನ ನಾಳದಿಂದ, ನಡುವಿನ ಕಿರುಗವಲುಗಳ ಮೂಲಕ ಸುತ್ತಿ ಬರಬೇಕು. ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದೆ ಹೋಗುವಂತೆ, ಕೆಲವರಲ್ಲಿ ತುಂಡಿನ ಅಂಚಿಗೆ ರಕ್ತ ಸಾಲುತ್ತಿರಲಿಲ್ಲ. ಮೇಲಾಗಿ ಇಡೀ ಸ್ನಾಯು ಸ್ಥಳಾಂತರವಾಗುತ್ತಿದ್ದುದರಿಂದ ಹೊಟ್ಟೆಯ ಗೋಡೆ ದುರ್ಬಲವಾಗಿ ಹರ್ನಿಯ ಕಾಣಿಸಿಕೊಳ್ಳುವ ಸಂಭವವಿತ್ತು.

ಕೆಳಗಿನ ದೊಡ್ಡ ನಾಳವನ್ನೇ ಕತ್ತರಿಸಿಕೊಂಡು ಎದೆಯಲ್ಲಿ ಜೋಡಿಸಿದರೆ ಈ ಎರಡೂ ತೊಂದರೆಗಳು ಕಡಿಮೆಯಾಗುತ್ತವೆ. 1989ರಲ್ಲಿ ಜಪಾನಿನ ಇಸಾವೊ ಕೊಶಿಮಾ, ಸ್ನಾಯುವನ್ನು ತೆಗೆಯದೆ ಅದರ ನಡುವೆ ಹಾದುಬರುವ ಸಣ್ಣ ನಾಳಗಳನ್ನಷ್ಟೇ ಬಿಡಿಸಿಕೊಂಡು ಹೊಟ್ಟೆಯ ಚರ್ಮ ಬದುಕಿಸಬಹುದೆಂದು ತೋರಿಸಿದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಅಲೆನ್ 1992ರಲ್ಲಿ ಇದನ್ನು ಸ್ತನದ ಮರುರಚನೆಗೆ ಅಳವಡಿಸಿ, 1994ರಲ್ಲಿ ಪ್ರಕಟಿಸಿದರು. ಇಂದು 'ಡಿಐಇಪಿ ಫ್ಲ್ಯಾಪ್' ಎಂದು ಹೆಸರಾಗಿರುವುದು ಇದೇ. ಸ್ನಾಯು ಹೊಟ್ಟೆಯಲ್ಲೇ ಉಳಿಯಿತು. ಆದರೆ ತೊಟ್ಟು ಇಲ್ಲದ್ದರಿಂದ, ಎದೆಯಲ್ಲಿ ಆರಿಸಿಕೊಳ್ಳುವ ನಾಳದ ಮೇಲೆಯೇ ಎಲ್ಲವೂ ನಿಂತಿತು.

ಕಂಕುಳಿನಿಂದ ಎದೆಮೂಳೆಗೆ

ಮೊದಲ ದಿನಗಳಲ್ಲಿ ಕಂಕುಳಿನ ನಾಳವನ್ನು ಆರಿಸಿಕೊಂಡದ್ದಕ್ಕೆ ಸಕಾರಣವಿತ್ತು. ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಕಂಕುಳಿನ ದುಗ್ಧಗ್ರಂಥಿಗಳನ್ನು ಆಗ ಹೇಗಿದ್ದರೂ ತೆಗೆಯುತ್ತಿದ್ದರು. ಆ ಕೆಲಸ ಮುಗಿಯುವಷ್ಟರಲ್ಲಿ ಥೊರಾಕೊಡಾರ್ಸಲ್ ನಾಳ ತಾನಾಗಿಯೇ ಕಣ್ಣೆದುರು ಬಂದಿರುತ್ತಿತ್ತು. ಪಕ್ಕೆಲುಬು ಮುಟ್ಟುವ ಅಗತ್ಯವೇ ಇರಲಿಲ್ಲ.

ತೊಡಕು ಎದುರಾದದ್ದು ಸ್ತನ ತೆಗೆದು ವರ್ಷಗಳಾದ ಮೇಲೆ ಮರುರಚನೆಗೆ ಬಂದವರಲ್ಲಿ. ಹಳೆಯ ಶಸ್ತ್ರಕ್ರಿಯೆಯ ಕಲೆ, ಅದರ ಮೇಲೆ ವಿಕಿರಣ ಚಿಕಿತ್ಸೆ, ಎರಡೂ ಸೇರಿ ಕಂಕುಳಿನಲ್ಲಿ ಎಲ್ಲವೂ ಅಂಟಿಕೊಂಡು ಗಟ್ಟಿಯಾಗಿರುತ್ತಿತ್ತು. ನಾಳವನ್ನು ಬಿಡಿಸುವುದೇ ಕಷ್ಟ, ಕೆಲವೊಮ್ಮೆ ಅದು ಮೊದಲೇ ಕತ್ತರಿಸಿಹೋಗಿರುತ್ತಿತ್ತು. ಅಲ್ಲದೆ ತುಂಡನ್ನು ಕಂಕುಳಿನ ಕಡೆಗೆ ಕಟ್ಟಿಹಾಕಿದಂತಾಗಿ, ಸ್ತನಕ್ಕೆ ನಡು ಎದೆಯ ಕಡೆ ಬೇಕಾದ ತುಂಬುವಿಕೆ ಸಿಗುತ್ತಿರಲಿಲ್ಲ. ಇನ್ನೊಂದು ಮುಂದಾಲೋಚನೆಯೂ ಇತ್ತು. ಹೊಟ್ಟೆಯ ತುಂಡು ಕೈಕೊಟ್ಟರೆ ಎರಡನೆಯ ಉಪಾಯವಾಗಿ ಉಳಿಯುವುದು ತಾನ್ಸಿನಿಯ ಬೆನ್ನಿನ ಸ್ನಾಯು. ಅದಕ್ಕೆ ರಕ್ತ ಕೊಡುವ ನಾಳವನ್ನೇ ಮೊದಲ ಪ್ರಯತ್ನದಲ್ಲಿ ಖರ್ಚು ಮಾಡಿಬಿಟ್ಟರೆ ಆ ಆಪದ್ಧನಕ್ಕೂ ಕುತ್ತು.

ಇಂಟರ್ನಲ್ ಮ್ಯಾಮರಿ ನಾಳ ಇದಕ್ಕೆ ಪರಿಹಾರವಾಗಿ ಕಂಡಿತು. ಅದು ಎರಡು ಮಿಲಿಮೀಟರಿಗೂ ಹೆಚ್ಚು ಅಗಲ, ಹರಿವು ಜೋರು, ಎದೆಯ ನಡುವಿಗೆ ಹತ್ತಿರ, ವೈದ್ಯರಿಗೆ ಎದುರುಬದುರು ಕುಳಿತು ಹೊಲಿಯಲು ಅನುಕೂಲ. 1996ರಲ್ಲಿ ಅಲೆನ್ ಅವರ ತಂಡ ಈ ನಾಳ ಬಳಸಿ ಒಂದರ ಹಿಂದೊಂದು ಮಾಡಿದ 110 ಶಸ್ತ್ರಕ್ರಿಯೆಗಳ ವಿವರ ಪ್ರಕಟಿಸಿತು. ಅದೇ ದಶಕದಲ್ಲಿ ಕ್ಯಾನ್ಸರ್ ತಜ್ಞರ ಕಡೆಯಿಂದಲೂ ಒಂದು ಬದಲಾವಣೆ ಬಂತು. ಡೇವಿಡ್ ಕ್ರಾಗ್ 1993ರಲ್ಲಿ, ಅರ್ಮಾಂಡೊ ಜೂಲಿಯಾನೊ 1994ರಲ್ಲಿ, ಕ್ಯಾನ್ಸರ್ ಮೊದಲು ತಲುಪುವ 'ಕಾವಲು ಗ್ರಂಥಿ'ಯನ್ನಷ್ಟೇ ಗುರುತಿಸಿ ಪರೀಕ್ಷಿಸುವ ವಿಧಾನವನ್ನು ಸ್ತನ ಕ್ಯಾನ್ಸರ್‌ಗೆ ತಂದರು. ಆ ಗ್ರಂಥಿ ಶುದ್ಧವಾಗಿದ್ದರೆ ಕಂಕುಳನ್ನು ಪೂರ್ತಿ ಬಗೆಯುವ ಅಗತ್ಯವಿಲ್ಲ. ಅನೇಕ ಮಹಿಳೆಯರು ತೋಳಿನ ಊತದಿಂದ ಪಾರಾದರು. ಜೊತೆಗೆ ಥೊರಾಕೊಡಾರ್ಸಲ್ ನಾಳ ತಾನಾಗಿಯೇ ಕೈಗೆ ಸಿಗುವ ಅನುಕೂಲವೂ ತಪ್ಪಿತು.

ಹಾಗೆಂದು ಹೊಸ ಆಯ್ಕೆ ಪುಕ್ಕಟೆಯೇನಲ್ಲ. ನಾಳವನ್ನು ತಲುಪಲು ಸಾಮಾನ್ಯವಾಗಿ ಮೂರನೆಯ ಪಕ್ಕೆಲುಬಿನ ಮೆದುಮೂಳೆಯ ತುಂಡೊಂದನ್ನು ತೆಗೆಯಬೇಕು. ಅದರ ಹಿಂದೆಯೇ ಶ್ವಾಸಕೋಶದ ಪೊರೆ ಇದೆ. ಉಸಿರಾಟದ ಏರಿಳಿತದೊಂದಿಗೆ ನಾಳವೂ ಸೂಕ್ಷ್ಮದರ್ಶಕದಡಿ ತೂಗಾಡುತ್ತದೆ. ಅಭಿಧಮನಿಯ ಗೋಡೆ ತೀರ ತೆಳು, ಅದರಲ್ಲೂ ಎಡಭಾಗದ್ದು ಬಲಭಾಗದ್ದಕ್ಕಿಂತ ಸಾಮಾನ್ಯವಾಗಿ ಕಿರಿದು. ಪಕ್ಕೆಲುಬು ಕತ್ತರಿಸದೆ, ಎರಡು ಎಲುಬುಗಳ ಸಂದಿನಲ್ಲೇ ನಾಳ ಹಿಡಿಯುವ ಕ್ರಮವೂ ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಅಭಿಧಮನಿಗಳನ್ನು ಹೊಲಿಯುವ ಬದಲು ಪುಟ್ಟ ಉಂಗುರಗಳಿಂದ ಕೂಡಿಸುವುದುಂಟು. ಜಪಾನಿನ ಕೊಮೆಯಿ ನಕಾಯಾಮಾ 1962ರಲ್ಲಿ ರೂಪಿಸಿದ ಈ ಉಪಾಯವನ್ನು 1986ರಲ್ಲಿ ಸ್ವೀಡನ್ನಿನ ವೈದ್ಯರು ಸುಧಾರಿಸಿದರು.

ಹೃದಯದ ಹಕ್ಕು

ಈ ನಾಳದ ಮೇಲೆ ಹೃದ್ರೋಗ ತಜ್ಞರ ಕಣ್ಣು ಬಿದ್ದದ್ದು ಬಹಳ ಹಿಂದೆ. 1939ರಲ್ಲಿ ಇಟಲಿಯ ಫಿಯೆಸ್ಕಿ, ಇದನ್ನು ಕಟ್ಟಿಹಾಕಿದರೆ ರಕ್ತ ಹೃದಯದ ಕಡೆಗೆ ತಿರುಗಿ ಎದೆನೋವು ಶಮನವಾಗುತ್ತದೆ ಎಂದು ಊಹಿಸಿದ. 1950ರ ದಶಕದಲ್ಲಿ ಈ ಶಸ್ತ್ರಕ್ರಿಯೆ ಅಮೆರಿಕದಲ್ಲಿ ಭಾರಿ ಪ್ರಚಾರ ಪಡೆಯಿತು. ರೋಗಿಗಳೂ ನೋವು ಕಡಿಮೆಯಾಯಿತೆಂದರು. 1959ರಲ್ಲಿ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಸಿದರು. ಎಂಟು ಮಂದಿಯಲ್ಲಿ ನಾಳ ಕಟ್ಟಿದರು, ಒಂಬತ್ತು ಮಂದಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ಎರಡೂ ಗುಂಪುಗಳಲ್ಲಿ ಸುಧಾರಣೆ ಒಂದೇ ಬಗೆಯದಾಗಿತ್ತು. ಶಸ್ತ್ರಕ್ರಿಯೆಯ ಹಿಂದಿನ ವಾದ ಅಲ್ಲಿಗೆ ಕುಸಿಯಿತು.

ನಾಳದ ಯೋಗ ಮಾತ್ರ ಮುಗಿಯಲಿಲ್ಲ. ಅದಕ್ಕೂ ಮೊದಲೇ, 1950ರಲ್ಲಿ, ಕೆನಡಾದ ಆರ್ಥರ್ ವೈನ್‌ಬರ್ಗ್ ಅದರ ತುದಿಯನ್ನು ಹೃದಯದ ಸ್ನಾಯುವಿನೊಳಗೆ ಹುದುಗಿಸಿ ನೋಡಿದ್ದ. 1964ರಲ್ಲಿ ಆಗಿನ ಲೆನಿನ್‌ಗ್ರಾಡ್‌ನ ವಾಸಿಲಿ ಕೊಲೆಸೊವ್ ಅದನ್ನು ನೇರವಾಗಿ ಹೃದಯದ ರಕ್ತನಾಳಕ್ಕೆ ಹೊಲಿದ. ಕಾಲಿನಿಂದ ತೆಗೆದು ಜೋಡಿಸುವ ಅಭಿಧಮನಿಗಳು ಕಾಲಕ್ರಮದಲ್ಲಿ ಕಟ್ಟಿಕೊಳ್ಳುವುದು ಹೆಚ್ಚು. ಈ ಅಪಧಮನಿಯಲ್ಲಿ ಕೊಬ್ಬು ಕಟ್ಟುವುದು ವಿರಳ. 1986ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಫ್ಲಾಯ್ಡ್ ಲೂಪ್ ಮತ್ತು ಸಂಗಡಿಗರು, ಇದನ್ನು ಬಳಸಿದ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿದ ಮೇಲೆ ಎಡಭಾಗದ ಇಂಟರ್ನಲ್ ಮ್ಯಾಮರಿ ಬೈಪಾಸ್ ಶಸ್ತ್ರಕ್ರಿಯೆಯ ಮೊದಲ ಆಯ್ಕೆಯಾಯಿತು.

ಪ್ಲಾಸ್ಟಿಕ್ ಸರ್ಜನ್‌ಗಳು ಅದೇ ನಾಳವನ್ನು ಆರಿಸಿಕೊಳ್ಳತೊಡಗಿದಾಗ ಪ್ರಶ್ನೆ ಎದ್ದಿತು. ಎಡ ಸ್ತನಕ್ಕಾಗಿ ಅದನ್ನು ಮೂರನೆಯ ಪಕ್ಕೆಲುಬಿನ ಬಳಿ ಕತ್ತರಿಸಿದರೆ, ಮುಂದೆ ಅದೇ ಮಹಿಳೆಗೆ ಬೈಪಾಸ್ ಬೇಕಾದಾಗ ಹೃದಯಕ್ಕೆ ಎಟುಕುವಷ್ಟು ಉದ್ದ ಉಳಿದಿರುವುದಿಲ್ಲ. ಎಡ ಸ್ತನದ ಕ್ಯಾನ್ಸರ್‌ಗೆ ವಿಕಿರಣ ಕೊಡುವಾಗ ಹೃದಯಕ್ಕೂ ಅದರ ಪಾಲು ತಾಗುವುದುಂಟು. 2013ರಲ್ಲಿ ಸಾರಾ ಡಾರ್ಬಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೃದಯಕ್ಕೆ ತಾಗುವ ಸರಾಸರಿ ವಿಕಿರಣ ಒಂದು ಗ್ರೇ ಹೆಚ್ಚಿದಂತೆಲ್ಲ ಹೃದಯಾಘಾತದಂಥ ಗಂಭೀರ ತೊಂದರೆಗಳ ಪ್ರಮಾಣ ಶೇ 7.4ರಷ್ಟು ಏರುತ್ತದೆ. ಅಂದರೆ ಯಾರಿಗೆ ಈ ನಾಳ ಮುಂದೆ ಬೇಕಾಗಬಹುದೋ ಅಂಥವರಲ್ಲೇ ಅದು ಮೊದಲೇ ಬಳಕೆಯಾಗಿಬಿಡುವ ಸಾಧ್ಯತೆ ಇದೆ.

ವೈದ್ಯರು ಇದಕ್ಕೆ ಹಲವು ಸಮಾಧಾನಗಳನ್ನು ಹುಡುಕಿದ್ದಾರೆ. ನಾಳವನ್ನು ಇನ್ನೂ ಕೆಳಗೆ, ನಾಲ್ಕನೆಯ ಪಕ್ಕೆಲುಬಿನ ಹತ್ತಿರ ಹಿಡಿದರೆ ಮೇಲೆ ಹೆಚ್ಚು ಉದ್ದ ಉಳಿಯುತ್ತದೆ. ಮುಖ್ಯ ನಾಳ ಬಿಟ್ಟು, ಅದರಿಂದ ಸ್ತನದ ಕಡೆಗೆ ಹೊರಬರುವ ಕವಲು ಸಾಕಷ್ಟು ದಪ್ಪವಿದ್ದರೆ ಅದಕ್ಕೇ ಹೊಲಿಯಬಹುದು. ಮಧುಮೇಹ, ರಕ್ತದ ಒತ್ತಡ, ಧೂಮಪಾನ ಅಥವಾ ಕುಟುಂಬದಲ್ಲಿ ಹೃದ್ರೋಗದ ಇತಿಹಾಸವಿರುವ ಮಹಿಳೆಯ ಎಡಭಾಗದಲ್ಲಾದರೆ ಹಳೆಯ ಕಂಕುಳಿನ ನಾಳಕ್ಕೇ ಮರಳಬಹುದು. ಬಲಭಾಗದಲ್ಲಾದರೆ ಚಿಂತೆ ಕಡಿಮೆ.

ಆಯ್ಕೆಯ ಹೊತ್ತು

ಅನುಭವಿ ಕೇಂದ್ರಗಳಲ್ಲಿ ಇಂಥ ಶಸ್ತ್ರಕ್ರಿಯೆಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಯಶಸ್ವಿಯಾಗುತ್ತವೆ. ಕಂಕುಳಿನ ನಾಳವಾಗಲಿ ಎದೆಮೂಳೆಯ ನಾಳವಾಗಲಿ, ಒಳ್ಳೆಯ ಸ್ಥಿತಿಯಲ್ಲಿದ್ದರೆ ಎರಡರಿಂದಲೂ ಕಸಿ ಬದುಕುತ್ತದೆ. ಆದ್ದರಿಂದ ಆಯ್ಕೆ ನಿಲ್ಲುವುದು ಆಯಾ ಮಹಿಳೆಯ ಚರಿತ್ರೆಯ ಮೇಲೆ. ವಿಕಿರಣ ಆಗಿದೆಯೇ, ಕಂಕುಳು ತೆರೆದಿದ್ದಾರೆಯೇ, ಯಾವ ಪಕ್ಕ, ಹೃದಯ ಹೇಗಿದೆ ಎಂಬುದನ್ನೆಲ್ಲ ನೋಡಬೇಕು. ಎದೆಮೂಳೆಯ ಬಳಿ ನಾಳ ಬಿಡಿಸುವಾಗ ಪಕ್ಕದ ದುಗ್ಧಗ್ರಂಥಿಯೊಂದು ಸಿಕ್ಕಿ, ಅದರಲ್ಲಿ ಕ್ಯಾನ್ಸರ್ ಪತ್ತೆಯಾಗಿ ಮುಂದಿನ ಚಿಕಿತ್ಸೆಯೇ ಬದಲಾದ ಉದಾಹರಣೆಗಳೂ ಇವೆ. ಶಸ್ತ್ರಕ್ರಿಯೆ ಮುಗಿದ ಮೊದಲ ಎರಡು ಮೂರು ದಿನ ದಾದಿಯರು ಹೊಸ ಸ್ತನದ ಬಣ್ಣ, ಬಿಸುಪುಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಅದು ನೀಲಿಗಟ್ಟಿದರೆ ರಕ್ತ ಹೊರಹೋಗುತ್ತಿಲ್ಲ, ಬಿಳಚಿದರೆ ಒಳಬರುತ್ತಿಲ್ಲ ಎಂದರ್ಥ. ಆಗ ಮತ್ತೆ ಶಸ್ತ್ರಕ್ರಿಯೆಯ ಕೊಠಡಿಗೆ ಓಡಬೇಕು.

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದು. ಹಲವು ಗಂಟೆ ಹಿಡಿಯುವ, ನುರಿತ ತಂಡ ಬೇಡುವ ಈ ಮರುರಚನೆ ಅವರಲ್ಲಿ ಬಹುಪಾಲು ಮಂದಿಯ ಕೈಗೆಟುಕಿಲ್ಲ. ಎಲ್ಲರೂ ಅದನ್ನು ಬಯಸುತ್ತಾರೆಂದೂ ಅಲ್ಲ. ಆದರೆ ಬಯಸುವ ಮಹಿಳೆ ತನ್ನ ವೈದ್ಯರಿಗೆ ಕೇಳಬಹುದಾದ ಪ್ರಶ್ನೆಗಳಲ್ಲಿ, ಕಸಿಗೆ ನೆತ್ತರು ಎಲ್ಲಿಂದ ತರುತ್ತೀರಿ, ಅದರಿಂದ ಮುಂದೆ ನನ್ನ ಹೃದಯಕ್ಕೆ ಕೊರತೆಯಾಗುವುದೇ ಎಂಬುದೂ ಒಂದು. ಸ್ತನ ತೆಗೆಯುವ ಮುನ್ನವೇ, ಮೊದಲ ಭೇಟಿಗಳಲ್ಲೇ, ಈ ಪ್ರಶ್ನೆ ಕೇಳಿದರೆ ಎರಡೂ ನಾಳಗಳು ಇನ್ನೂ ಕೈಯಲ್ಲಿರುತ್ತವೆ.